ರೋಮನ್ ಕೋಳಿಯ ಕಥೆ ಹೇಳುತ್ತಿದ್ದವರು

ಬಂಗುಡೆ ಮೀನು ತಿಂದು ಮುಗಿಸಿದ ಮೇಲೆ ನಮ್ಮ ಮೇಡಂ ತಟ್ಟೆ ನೋಡಬೇಕಿತ್ತು. ನಡುಮುಳ್ಳು, ಅದರ ಎರಡೂ ಬದಿಯ ಸಣ್ಣ ಮುಳ್ಳುಗಳು, ತಲೆ, ಬಾಲ ಎಲ್ಲವೂ ಒಂದೂ ಮುರಿಯದೆ ತಟ್ಟೆಯ ಅಂಚಿನಲ್ಲಿ ಅದರದರ ಜಾಗದಲ್ಲೇ ಇರುತ್ತಿದ್ದವು. ಬೇಕಾದರೆ ಅದಕ್ಕೆ ಮತ್ತೆ ಮಾಂಸ ಹಚ್ಚಿ ಸಮುದ್ರಕ್ಕೆ ಬಿಡಬಹುದಿತ್ತು. ನಾನು ಬೆಂಗಳೂರಿನ ಸಸ್ಯಾಹಾರಿ ಮನೆಯವಳು. ಎದುರಿಗೆ ಕೂತು ಮೊಸರನ್ನ ತಿನ್ನುತ್ತಾ ಆ ತಟ್ಟೆಯನ್ನೇ ನೋಡುತ್ತಿದ್ದೆ. "ಎಂತ ನೋಡುದು ಪುಳಿಚಾರು? ಇದೂ ನಮ್ಮ ಕೆಲಸವೇ," ಎಂದು, ಮೀನು ತಿನ್ನದವರಿಗೆ ಅವರ ಊರಿನಲ್ಲಿರುವ ಅಡ್ಡಹೆಸರಿನಿಂದ ನನ್ನನ್ನು ಕರೆಯುತ್ತಿದ್ದರು.

ಅವರ ಕೆಲಸ ಮೂಳೆ. ಮಂಗಳೂರು ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಓದಲು ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಒಂದು ಹಳೆಯ ಪಟ್ಟಣದಲ್ಲಿ ವರ್ಷಗಟ್ಟಲೆ ನೆಲ ಅಗೆದವರು. ರೋಮನ್ನರು ಆಳುತ್ತಿದ್ದ ಕಾಲದಲ್ಲಿ ಆ ಪಟ್ಟಣದ ಗೋಡೆಯ ಹೊರಗೆ ಸ್ಮಶಾನವಿತ್ತಂತೆ. ಆಮೇಲೆ ಅದರ ಮೇಲೆ ಮನೆಗಳಾಗಿ, ಕಾರ್ಖಾನೆಯಾಗಿ, ಬಸ್ ಡಿಪೋ ಆಗಿ, ಕೊನೆಗೆ ಡಿಪೋ ಕೆಡವಿ ಹೋಟೆಲ್ ಕಟ್ಟಲು ಹೊರಟಾಗ ಸಾಲುಸಾಲು ಅಸ್ಥಿಪಂಜರ ಸಿಕ್ಕಿದವು. ಒಂದು ಬದಿಯಲ್ಲಿ ಕಟ್ಟಡದವರ ಯಂತ್ರ ಗುರುಗುಟ್ಟುತ್ತಿದ್ದರೆ, ಇನ್ನೊಂದು ಬದಿಯ ಕೆಸರಿನಲ್ಲಿ ಮಂಡಿಯೂರಿ ಇವರು ಒಂದೊಂದೇ ಮೂಳೆ ಎತ್ತಿದ್ದರು. ಆ ಮಂಡಿಗಳು ಅಲ್ಲೇ ಹೋದವು ಎಂದು ಮೆಟ್ಟಿಲು ಹತ್ತುವಾಗಲೆಲ್ಲ ಬೈದುಕೊಳ್ಳುತ್ತಿದ್ದರು.

ನಾನು ಅವರನ್ನು ಕಂಡದ್ದು ಸ್ಯಾನ್ ಡಿಯೇಗೊದಲ್ಲಿ, ಲಾಕ್‌ಡೌನ್ ಸಡಿಲವಾಗುತ್ತಿದ್ದ ದಿನಗಳಲ್ಲಿ. ಅವರ ತಮ್ಮ ಲಾಸ್ ಏಂಜಲೀಸ್ ಕಡೆ ನೆಲೆಸಿದ್ದರಿಂದ ಇವರೂ ಎಷ್ಟೋ ವರ್ಷದ ಹಿಂದೆ ಕ್ಯಾಲಿಫೋರ್ನಿಯಾಕ್ಕೆ ಬಂದು, ಮಿರಾಮಾರ್ ರಸ್ತೆಯ ಹಿಂಬದಿಯಲ್ಲಿ, ಒಂದು ಟೈರ್ ಅಂಗಡಿಗೂ ಟೈಲ್ಸ್ ಅಂಗಡಿಗೂ ನಡುವೆ, ಬಾಡಿಗೆಯ ಶೆಡ್ಡಿನಲ್ಲಿ ಪುಟ್ಟ ಲ್ಯಾಬ್ ನಡೆಸುತ್ತಿದ್ದರು. ಎಲ್ಲೇ ಪಾಯ ತೋಡುವಾಗ ಮೂಳೆ ಕಂಡರೆ ಕೆಲಸ ನಿಲ್ಲಿಸಬೇಕೆಂಬ ಕಾನೂನು ಇಲ್ಲಿದೆ. ಹಾಗಾಗಿ ಕಾಂಟ್ರ್ಯಾಕ್ಟರುಗಳು ದಿನವಿಡೀ ಅವರ ಫೋನಿಗೆ ಫೋಟೋ ಕಳಿಸುತ್ತಿದ್ದರು. ಇವರು ಕನ್ನಡಕ ಹಣೆಗೇರಿಸಿ ನೋಡಿ "ದನ" ಅಥವಾ "ಹಂದಿ" ಎಂದು ಉತ್ತರಿಸುತ್ತಿದ್ದರು. ಅತ್ತಲಿಂದ ಹೆಬ್ಬೆರಳಿನ ಚಿತ್ರ ಬರುತ್ತಿತ್ತು.

ಒಮ್ಮೆ ಲಾಸ್ ಏಂಜಲೀಸ್ ಡೌನ್‌ಟೌನಿನಲ್ಲಿ ಪಾರ್ಕಿಂಗ್ ಕಟ್ಟಡಕ್ಕೆ ಅಗೆಯುತ್ತಿದ್ದ ಹಳ್ಳಕ್ಕೆ ನನ್ನನ್ನೂ ಕರೆದೊಯ್ದರು. ಫೋಟೋ ನೋಡಿದರೆ ಯಾರಿಗಾದರೂ ಅದು ನಾಯಿಯ ಮೂಳೆ ಎನ್ನಿಸುತ್ತಿತ್ತು. ಅವರಿಗೂ ಅನ್ನಿಸಿತ್ತಂತೆ. ಆದರೂ ಬೆಳಿಗ್ಗೆ ಟ್ರಾಫಿಕ್ಕಿನಲ್ಲಿ ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋಗಿ, ಏಣಿ ಇಳಿದು, ಮಂಡಿಯ ಕೆಳಗೆ ಸ್ಪಂಜು ಹಾಕಿಕೊಂಡು, ಅರ್ಧ ದಿನ ಮಣ್ಣು ಕೆದಕಿದರು. ಮೇಲೆ ಇಪ್ಪತ್ತು ಜನ ಹೆಲ್ಮೆಟ್ ಹಾಕಿಕೊಂಡು ಕೈಕಟ್ಟಿ ನಿಂತಿದ್ದರು. ಕೊನೆಗೆ ಅದು ನಾಯಿಯೇ. ಸೂಪರ್‌ವೈಸರ್‌ಗೆ ಕೋಪ ಬಂದು, ಫೋಟೋದಲ್ಲೇ ಗೊತ್ತಾಗುತ್ತಿರಲಿಲ್ಲವೇ ಎಂದ. ಇವರು ಮಣ್ಣು ಕೊಡವಿಕೊಂಡು, ಗೊತ್ತಾಗುತ್ತಿತ್ತು, ಆದರೆ ನೋಡಿದ ಹಾಗೆ ಆಗುತ್ತಿರಲಿಲ್ಲ ಎಂದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ನನಗೆ ಹಸಿವು. ಅವರು ಮಾತ್ರ ಖುಷಿಯಾಗಿದ್ದರು.

ಮೂಳೆ ಬಿಡಿಸಲು ಅವರು ಕಬ್ಬಿಣ ಮುಟ್ಟುತ್ತಿರಲಿಲ್ಲ. ಇಂಡಿಯನ್ ಸ್ಟೋರಿನಿಂದ ಹಿಡಿಸೂಡಿ ತಂದು, ಆ ತೆಂಗಿನ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ತುದಿ ಚೂಪು ಮಾಡಿ ಇಟ್ಟುಕೊಳ್ಳುತ್ತಿದ್ದರು. ಪೊರಕೆ ಅರ್ಧ ಬೋಳಾದ ಮೇಲೆ ಶೆಡ್ಡು ಗುಡಿಸಲು ಬರುತ್ತಿತ್ತು. ನಾನು ಸೇರಿದ ದಿನ ಮೊದಲು ಕೊಟ್ಟ ಕೆಲಸ ಆ ಕಡ್ಡಿ ಚೂಪು ಮಾಡುವುದು. ಬಿಡಿಎಸ್ ಓದಿ, ಗಂಡನ ವೀಸಾದ ಮೇಲೆ ಬಂದು, ಇಲ್ಲಿ ಹಲ್ಲು ಮುಟ್ಟಲು ಪರವಾನಗಿಯಿಲ್ಲದೆ ವರ್ಷಗಟ್ಟಲೆ ಯೂನಿವರ್ಸಿಟಿ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದವಳಿಗೆ ಅದೂ ಹಬ್ಬವೇ.

ಕೆಲಸ ಕೊಡುವ ಮುಂಚೆ ನನ್ನ ಅಂಗೈಗೆ ಒಂದು ಹಲ್ಲು ಹಾಕಿ, "ಹೇಳು," ಎಂದಿದ್ದರು. ನಾನು ಉಬ್ಬಿಹೋಗಿ, ಮೇಲಿನ ಬಲಗಡೆಯ ಮೊದಲ ದವಡೆ ಹಲ್ಲು, ಮೂವತ್ತರ ಆಸುಪಾಸಿನ ಹೆಂಗಸು, ಈ ಕಡೆ ನೋವಿದ್ದದ್ದರಿಂದ ಆ ಕಡೆ ಅಗಿಯುತ್ತಿದ್ದಳು ಎಂದೆಲ್ಲ ಹೇಳಿದೆ.

"ಹೆಂಗಸು ಅಂತ ಹೇಗೆ ಗೊತ್ತಾಯ್ತು?"

"ಹಲ್ಲು ಚಿಕ್ಕದಿದೆಯಲ್ಲ ಮೇಡಂ."

"ಚಿಕ್ಕ ಹಲ್ಲಿನ ಗಂಡಸರು ಇಲ್ವಾ? ನಿನ್ನ ಗಂಡನ ಬಾಯಿ ನೋಡಿದ್ದೀಯಾ? ಉಳಿದದ್ದು ಸರಿ ಉಂಟು. ನಾಳೆ ಬಾ."

ಮೂಳೆ ಮಾತಾಡುತ್ತದೆ, ಮೂಳೆ ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ಅಂದರೆ ಅವರಿಗೆ ರೇಗುತ್ತಿತ್ತು. "ಮೂಳೆ ಎಂತದ್ದೂ ಹೇಳುದಿಲ್ಲ ಮಾರಾಯ್ತಿ. ಅದು ಸುಮ್ಮನೆ ಮಲಗಿರ್ತದೆ. ಹೇಳುದೆಲ್ಲ ನಾವು." ಅಸ್ಥಿಪಂಜರಗಳಿಗೆ ಅಡ್ಡಹೆಸರಿಡಲು ಬಿಡುತ್ತಿರಲಿಲ್ಲ. ಸಂಖ್ಯೆ ಇದ್ದರೆ ಸಂಖ್ಯೆಯಿಂದಲೇ ಕರೆಯಬೇಕು. ಎಡಗೈಯ ಮೂಳೆಗಳಿರುವ ಚೀಲವನ್ನು ಬಿಚ್ಚಿ ಕಟ್ಟದೆ ಬಲಗೈಯ ಚೀಲ ಬಿಚ್ಚುವಂತಿಲ್ಲ. ನಾನು ಒಮ್ಮೆ ಎರಡನ್ನೂ ಒಟ್ಟಿಗೆ ಬಿಚ್ಚಿದ್ದಕ್ಕೆ ಆ ಮಧ್ಯಾಹ್ನ ಮಾತಾಡಿರಲಿಲ್ಲ.

ನಮ್ಮವರು ಅವರನ್ನು ಹೇಗೆ ನೋಡುತ್ತಿದ್ದರು ಎಂದು ಬರೆಯಲು ನಾಚಿಕೆಯಾಗುತ್ತದೆ. ಗೃಹಪ್ರವೇಶದ ದಿನ ಬಿಟ್ಟು ಮರುವಾರ ಊಟಕ್ಕೆ ಕರೆಯುವವರಿದ್ದರು. ಬಾಣಂತಿಯಿರುವ ಮನೆಯವರು ಫೋನಿನಲ್ಲೇ ಮಾತಾಡಿ ಮುಗಿಸುತ್ತಿದ್ದರು. ಅವರೇ ಮುಂದಾಗಿ ಎಲ್ಲರನ್ನೂ ಪಾರು ಮಾಡುತ್ತಿದ್ದರು. ಯಾರ ಮನೆಗೆ ಹೋದರೂ ದೇವರ ಕೋಣೆಯ ಕಡೆ ಹೋಗುತ್ತಿರಲಿಲ್ಲ, ಮಗುವನ್ನು ಎತ್ತಿಕೊಳ್ಳಲು ಕೈ ಚಾಚುತ್ತಿರಲಿಲ್ಲ. ನನ್ನ ಅತ್ತೆಗೆ ನಾನು ಇವತ್ತಿಗೂ "ಡೆಂಟಲ್ ರಿಸರ್ಚ್" ಎಂದೇ ಹೇಳಿಕೊಂಡು ಬಂದಿದ್ದೇನೆ. ಸಂಜೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಲು ಇವತ್ತಿಗೂ ನನಗೆ ಆಗುವುದಿಲ್ಲ.

ಅವರನ್ನು ಯಾವ ಅಂಜಿಕೆಯೂ ಇಲ್ಲದೆ ಜನ ಸುತ್ತುವರಿಯುತ್ತಿದ್ದದ್ದು ವರ್ಷಕ್ಕೊಂದು ದಿನ. ಸ್ಯಾಂಟಾ ಕ್ಲಾರಿಟಾದ ತಮ್ಮನ ಮನೆಯಲ್ಲಿ ತುಳುವರ ಮಳೆಗಾಲದ ಆಟಿ ತಿಂಗಳು ಬಂದಾಗ, ತೀರಿಹೋದ ಹಿರಿಯರಿಗೆ ಬಡಿಸುವ ದಿನ. ಜುಲೈ ಕೊನೆಯ ಅಥವಾ ಆಗಸ್ಟಿನ ಒಂದು ಭಾನುವಾರ, ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಬಾಳೆ ಎಲೆ ಹಾಸಿ ಕೋಳಿ ಪದಾರ್ಥ, ದೋಸೆ, ಸತ್ತವರಿಗೆ ಇಷ್ಟವಾಗಿದ್ದ ತಿಂಡಿ ಎಲ್ಲ ಬಡಿಸಿ, ಬಾಗಿಲು ಹಾಕಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಗ್ಯಾರೇಜಿನಲ್ಲಿ ನಿಲ್ಲುತ್ತಾರೆ. ಹಿರಿಯರು ಉಂಡಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಉಡುಪಿ, ಮಂಗಳೂರು ಕಡೆಯ ಹತ್ತಾರು ಮನೆಯವರು ಸೇರುತ್ತಿದ್ದರು. ಊಟವಾದ ಮೇಲೆ ಯಾರಾದರೊಬ್ಬರು, "ಆಂಟಿ, ಆ ರೋಮನ್ ಕೋಳಿದು ಹೇಳಿ," ಎನ್ನುತ್ತಿದ್ದರು.

ಕಥೆ ಇಷ್ಟೇ. ಆ ಪಟ್ಟಣದ ಸ್ಮಶಾನದಲ್ಲಿ ಒಬ್ಬ ಹೆಂಗಸಿನ ಸಮಾಧಿ. ಮಳೆ, ಕೆಸರು, ಕಟ್ಟಡದವರ ಅವಸರ. ಉಳಿದವರು ಊಟಕ್ಕೆ ಹೋಗಿದ್ದಾರೆ, ಇವರೊಬ್ಬರೇ ಹೊಂಡದಲ್ಲಿದ್ದಾರೆ. ಹೆಂಗಸಿನ ತೊಡೆಯ ಪಕ್ಕದಲ್ಲಿ ನಾಲ್ಕಾರು ತೆಳ್ಳಗಿನ ಮೂಳೆ. ಕೋಳಿ! ರೋಮನ್ನರು ಸತ್ತವರ ಜೊತೆ ಊಟ ಇಡುತ್ತಿದ್ದರೆಂದು ಪುಸ್ತಕದಲ್ಲಿ ಓದಿದ್ದರು, ಕಣ್ಣಾರೆ ಕಂಡಿರಲಿಲ್ಲ. "ಊರಿಗೆ ಹೋಗದೆ ಎರಡು ವರ್ಷ ಆಗಿತ್ತು. ನಮ್ಮ ಅಮ್ಮ ಅಜ್ಜಿಗೆ ಬಡಿಸಿದ್ದೇ ಕಣ್ಣಿಗೆ ಬಂತು. ಆ ಕೆಸರಿನಲ್ಲಿ ಕೂತು ಅತ್ತಿದ್ದೇನೆ ಗೊತ್ತುಂಟಾ? ಬಿಳಿಯರಿಗೂ ಒಂದು ಕಾಲದಲ್ಲಿ ಆಟಿ ಇತ್ತು," ಎಂದು ಮುಗಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು ಕೂಡ ಫೋನು ಕೆಳಗಿಟ್ಟು ಕೇಳುತ್ತಿದ್ದರು. ಆ ಪಟ್ಟಣದ ಮ್ಯೂಸಿಯಂನಲ್ಲಿ ಆ ಹೆಂಗಸಿನ ಚಿತ್ರವಿದೆಯಂತೆ, ಪಕ್ಕದಲ್ಲಿ ಒಂದು ಕೆಂಪು ಹುಂಜವನ್ನೂ ಬರೆದಿದ್ದಾರಂತೆ.

ಆ ಹೆಂಗಸು ನಮ್ಮ ಶೆಡ್ಡಿನಲ್ಲೇ ಇದ್ದಳು. ಹಲ್ಲುಗಳ ಅಧ್ಯಯನಕ್ಕೆಂದು ಆ ಮ್ಯೂಸಿಯಂ ಕೆಲವು ಅಸ್ಥಿಪಂಜರಗಳನ್ನು ಎರವಲು ಕಳಿಸಿತ್ತು. ಪೆಟ್ಟಿಗೆಗಳು ಬಂದ ಸ್ವಲ್ಪ ದಿನಕ್ಕೇ ಕೋವಿಡ್ ಬಂದು ಲೋಕವೆಲ್ಲ ಬಾಗಿಲು ಹಾಕಿತು. ಮತ್ತೆ ಬಾಗಿಲು ತೆರೆದಾಗ ಅಲ್ಲಿಯವರಿಗೂ ಇಲ್ಲಿಯವರಿಗೂ ಬೇರೆ ತಲೆಬಿಸಿಗಳಿದ್ದವು. ಹಾಗಾಗಿ ಅವು ನಮ್ಮಲ್ಲೇ ಉಳಿದವು.

ಅವರು ನಿವೃತ್ತರಾಗಬೇಕಿದ್ದ ವರ್ಷ, ಬೇಸಿಗೆಗೆ ಮುಂಚೆ, ಆ ಹೆಂಗಸಿನ ಪೆಟ್ಟಿಗೆಯ ತಳದಲ್ಲಿದ್ದ ಒಂದು ಮಣ್ಣಿನ ಚೀಲವನ್ನು ನನಗೆ ಕೊಟ್ಟು ಜಾಲಿಸಲು ಹೇಳಿದರು. ಅಗೆಯುವಾಗ ಸೊಂಟದ ಮೂಳೆಯ ಗುಳಿಯಲ್ಲಿರುವ ಮಣ್ಣನ್ನು ಬೇರೆಯಾಗಿ ತೆಗೆದಿಡುವ ಪದ್ಧತಿಯಿದೆ. ಹೊಟ್ಟೆಯಲ್ಲಿದ್ದ ಜಂತುಹುಳದ ಮೊಟ್ಟೆ ಅದರಲ್ಲಿ ಸಿಗುತ್ತದೆ. ಈ ಚೀಲವನ್ನು ಮೂವತ್ತು ವರ್ಷದಿಂದ ಯಾರೂ ಬಿಚ್ಚಿರಲಿಲ್ಲ. ಸ್ವಲ್ಪ ಮಣ್ಣು ಮೊಟ್ಟೆ ಹುಡುಕಲು ಎತ್ತಿಟ್ಟು, ಉಳಿದದ್ದನ್ನು ನೀರಿನಲ್ಲಿ ಕರಗಿಸಿ ಜರಡಿ ಹಿಡಿದೆ. ಎಲ್ಲಕ್ಕಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ಏನೋ ಬಿಳಿಯದು ಉಳಿಯಿತು.

ಅಕ್ಕಿಕಾಳಿಗಿಂತ ದೊಡ್ಡದಲ್ಲ. ಬೇರಿಲ್ಲ, ಒಳಗೆ ಟೊಳ್ಳು, ಪುಟ್ಟ ಟೋಪಿಯಂತಿತ್ತು. ಇನ್ನೂ ಒಸಡಿನೊಳಗೇ ಇರುವ ಹಲ್ಲಿನ ಮೊಗ್ಗು. ಅಷ್ಟನ್ನು ಹೇಳಲು ನನಗೆ ಯಾರೂ ಬೇಕಿರಲಿಲ್ಲ. ಆಗಷ್ಟೇ ಹುಟ್ಟಿದ ಅಥವಾ ಹುಟ್ಟಲಿದ್ದ ಮಗುವಿನದು. ಅದರ ಪಕ್ಕ ಎಳ್ಳಿನಷ್ಟು, ಗೋಧಿಯಷ್ಟು ಇರುವ ಬೆರಳಿನ ಮೂಳೆಗಳು, ಕಿವಿಯೊಳಗಿನ ಗಟ್ಟಿ ಮೂಳೆಯ ಒಂದು ತುಂಡು.

ಅವರು ಆಚೆ ಕೋಣೆಯಲ್ಲಿ ಯಾವನೋ ಕಾಂಟ್ರ್ಯಾಕ್ಟರ್ ಜೊತೆ ಫೋನಿನಲ್ಲಿ ನಗುತ್ತಿದ್ದರು. ಅವರ ಫೋನು ಮುಗಿಯುವವರೆಗೆ ನಾನು ಜರಡಿ ಹಿಡಿದು ನಿಂತಿದ್ದೆ. ಆ ಸಮಾಧಿಯಲ್ಲಿ ಮಗುವಿದ್ದರೆ ಅದರ ಕೈಕಾಲಿನ ಮೂಳೆಗಳೆಲ್ಲಿ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಆಗಲೇ ಬಂದಿತ್ತು. ಉತ್ತರವೂ ಬಂದಿತ್ತು. ತೋರಿಸದೆ ಇರುವ ಯೋಚನೆ ಮಾತ್ರ ಬರಲಿಲ್ಲ. ಅದು ನನ್ನ ಒಳ್ಳೆಯತನವಲ್ಲ, ಅವರು ಕಲಿಸಿದ ಅಭ್ಯಾಸ. ಆದರೂ ಆ ನಗುವನ್ನು ನಿಲ್ಲಿಸಿದವಳು ನಾನು ಎನ್ನುವುದು ನನ್ನಿಂದ ಹೋಗಿಲ್ಲ.

"ಮೇಡಂ, ಒಂದ್ನಿಮಿಷ ಬರ್ತೀರಾ?"

ಬಂದರು. ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ ನೋಡಿದರು. ಜರಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ದೀಪದ ಕೆಳಗಿಟ್ಟು ಮತ್ತೆ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

"ಎರಡೂ ತುದಿ ಬೋಳಿತ್ತು," ಎಂದರು.

"ಏನು ಮೇಡಂ?"

"ಆ ತೊಡೆಯ ಹತ್ರದ ಮೂಳೆ. ಕೋಳಿಯದ್ದಾದ್ರೆ ತುದಿಯಲ್ಲಿ ಗಂಟು ಇರ್ತದೆ. ಇದಕ್ಕೆ ಇರ್ಲಿಲ್ಲ. ನನಗೆ ಆವತ್ತೇ ಕಂಡಿತ್ತು. ಮರಿ ಕೋಳಿ ಇರ್ಬೇಕು ಅಂದ್ಕೊಂಡೆ." ಜರಡಿಯನ್ನು ದೀಪದ ಇನ್ನೂ ಹತ್ತಿರಕ್ಕೆ ಸರಿಸಿ ಹೇಳಿದರು: "ಎಂಟು ಜನ ಇಂಗ್ಲಿಷಿನವರು ಇದ್ದರು ಅಲ್ಲಿ. ಅವರಲ್ಲಿ ಯಾರು ಹೊಂಡದಲ್ಲಿ ಇದ್ದಿದ್ರೂ ಇದನ್ನು ಕೋಳಿ ಅಂತ ಹೇಳ್ತಿರ್ಲಿಲ್ಲ. ಅವರ ಮನೆಯಲ್ಲಿ ಯಾರೂ ಸತ್ತವರಿಗೆ ಕೋಳಿ ಬಡಿಸುದಿಲ್ಲ ಅಲ್ವಾ."

ಆ ಮೂಳೆಗಳನ್ನು ಅವರೇ ಪ್ರಾಣಿಮೂಳೆಯ ಚೀಲಕ್ಕೆ ಹಾಕಿ, ಮೇಲೆ ಕೋಳಿ ಎಂದು ಬರೆದಿದ್ದರು. ಮೂಳೆಯ ವಿಷಯದಲ್ಲಿ ಅಲ್ಲಿ ಅವರ ಮಾತೇ ಕೊನೆ. ಹಾಗಾಗಿ ಮತ್ತೆ ಯಾರೂ ಬಿಚ್ಚಿ ನೋಡಲಿಲ್ಲ. ಮರುದಿನ ಬೆಳಿಗ್ಗೆ ಮ್ಯೂಸಿಯಂಗೆ ವಿಡಿಯೋ ಕಾಲ್ ಮಾಡಿದಾಗ, ಉಗ್ರಾಣದ ಉಸ್ತುವಾರಿ ನೋಡುವಾಕೆ ಎಲ್ಲ ಕೇಳಿಸಿಕೊಂಡು, ಕಂಪ್ಯೂಟರಿನಲ್ಲಿ ಹುಡುಕಿ, ತುಂಬ ಮೆತ್ತಗೆ ಹೇಳಿದಳು: ಉಗ್ರಾಣ ಹೊಸ ಕಟ್ಟಡಕ್ಕೆ ಹೋಗುವಾಗ ಜಾಗ ಸಾಲದೆ ಆ ಅಗೆತದ ಪ್ರಾಣಿಮೂಳೆಗಳನ್ನೆಲ್ಲ ವಿಲೇವಾರಿ ಮಾಡಿದ್ದಾರೆ. ಇಂಥದ್ದು ಎಲ್ಲರಿಂದಲೂ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದೂ ಹೇಳಿದಳು. ಅವಳು ಬೈದಿದ್ದರೆ ಇವರಿಗೆ ಸುಲಭವಾಗುತ್ತಿತ್ತೇನೋ.

ಇವರು ಕೇಳಿಕೊಂಡದ್ದು ಒಂದೇ. ಹೆಂಗಸಿನ ಸಂಖ್ಯೆಯ ಕೆಳಗೆ "ಇತರೆ" ಎಂದು ಬರೆದು ಮುಗಿಸಬೇಡಿ, ಮಗುವಿಗೆ ಅದರದ್ದೇ ಒಂದು ಸಂಖ್ಯೆ ಕೊಡಿ. ಆಕೆ ಒಪ್ಪಿದಳು. ಕಿವಿಯ ಮೂಳೆ ಸಿಕ್ಕಿದೆಯಲ್ಲ, ಅದನ್ನು ಪುಡಿ ಮಾಡಿ ಡಿಎನ್ಎ ನೋಡಿದರೆ ಇದು ಆ ಹೆಂಗಸಿನದೇ ಮಗುವೋ ಅಲ್ಲವೋ ತಿಳಿಯಬಹುದು ಎಂದಳು. ಇವರು ಒಪ್ಪಲಿಲ್ಲ. ಕಾಲ್ ಮುಗಿದ ಮೇಲೆ ನನ್ನ ಕಡೆ ತಿರುಗಿ, "ದೊಡ್ಡದನ್ನೆಲ್ಲ ನಾನು ಕಸಕ್ಕೆ ಕಳಿಸಿದೆ. ಉಳಿದದ್ದೇ ಇಷ್ಟು. ಇದನ್ನೂ ಅರೆಯುದಾ?" ಎಂದರು.

"ಆದ್ರೆ ಅವ್ಳೇ ತಾಯಿ ಅಂತ ಗೊತ್ತಾಗ್ಬೇಡ್ವಾ ಮೇಡಂ?"

"ತಾಯಿ ಅಂತ ಹೇಳ್ಬೇಡ. ಹೆಂಗಸು ಅಂತ ಹೇಳು. ನಮಗೆ ಗೊತ್ತಿಲ್ಲ. ನನ್ನ ಮನಸ್ಸಿಗೆ ಬೇಕಾದ್ದನ್ನು ಒಮ್ಮೆ ಹೇಳಿ ಆಯ್ತಲ್ಲ, ಸಾಕು."

ಅವತ್ತಿನಿಂದ ಅವರು ಸಣ್ಣಗಾದರು. ಫೋಟೋ ಕಳಿಸಿದ ಕಾಂಟ್ರ್ಯಾಕ್ಟರುಗಳಿಗೆ ಉತ್ತರ ತಡವಾಗತೊಡಗಿತು. ಎಂಥ ಎದ್ದು ಕಾಣುವ ದನದ ಕೋಡಿಗೂ ಕಾರು ಹತ್ತಿ ಹೋಗಿ ನೋಡಿ ಬರುತ್ತಿದ್ದರು. ತಮ್ಮ ವರದಿ ತಪ್ಪೆಂದು ಬರೆದು ಪ್ರಕಟಿಸಿದರು, ಆ ವರದಿಯನ್ನು ನಂಬಿ ಬರೆದವರಿಗೆಲ್ಲ ಹುಡುಕಿ ಹುಡುಕಿ ಮೇಲ್ ಕಳಿಸಿದರು. ಕೆಲವರು ಮರೆತೇ ಬಿಟ್ಟಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಸಣ್ಣದಕ್ಕೆ ಯಾಕೆ ಹೀಗೆ ಎಂದು ಗಂಡನ ಹತ್ತಿರ ಗೊಣಗಿದರೆ ಅವನು, "ಸಣ್ಣದು ಅಂತ ನಿಂಗನ್ಸುತ್ತಾ?" ಎಂದ. ಅನ್ನಿಸುತ್ತಿರಲಿಲ್ಲ. ನಾನು ಹಗುರಾಗಲು ಹಾಗೆ ಹೇಳಿದ್ದೆ.

ಆ ವರ್ಷದ ಆಟಿಗೆ ಅವರನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಬಡಿಸಿದ್ದಾಯಿತು, ಬಾಗಿಲು ಹಾಕಿದ್ದಾಯಿತು, ಗ್ಯಾರೇಜಿನಲ್ಲಿ ಎಲ್ಲರೂ ಬೆವರುತ್ತಾ ನಿಂತದ್ದಾಯಿತು. ಊಟದ ಮೇಲೆ ಅವರ ತಮ್ಮನ ಹೆಂಡತಿಯೇ, "ಅತ್ತಿಗೆ, ಹೊಸಬರು ಬಂದಿದ್ದಾರೆ, ರೋಮನ್ ಕೋಳಿದು ಒಂದು ಹೇಳಿ," ಎಂದರು.

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಇಷ್ಟು ವರ್ಷ ನಾನು ಹೇಳಿದ್ದು ತಪ್ಪು," ಎಂದು ಶುರು ಮಾಡಿದರು. "ಅದು ಕೋಳಿ ಅಲ್ಲ. ಅದು ಮಗು."

ಹೇಗೆ ಆಯಿತೆಂದು ಬಿಡಿಸಿ ಹೇಳಿದರು. ಮಳೆಯನ್ನಾಗಲಿ ಅವಸರವನ್ನಾಗಲಿ ನೆಪವಾಗಿ ತರಲಿಲ್ಲ. ಎಲೆಗಳ ಮೇಲೆ ಇನ್ನೂ ಕೋಳಿಯ ಮೂಳೆಗಳಿದ್ದವು. ಯಾರೋ ಒಬ್ಬರು ತಮ್ಮ ಎಲೆಯನ್ನು ಮೆಲ್ಲಗೆ ಮಡಚಿದರು. ತಮ್ಮನ ಹೆಂಡತಿಯ ಮುಖ ಕೆಂಪಾಯಿತು.

"ಇವತ್ತೇ ಇದೆಲ್ಲ ಬೇಕಿತ್ತಾ ಅತ್ತಿಗೆ?"

"ಕೇಳಿದಿ ಅಲ್ವಾ ನೀನು. ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ ಇನ್ನು."

ಉಡುಪಿಯ ಹಿರಿಯರೊಬ್ಬರು ಸಮಾಧಾನ ಮಾಡಲು ಬಂದರು. "ಬಿಡಿ, ಅದೆಲ್ಲ ಎರಡು ಸಾವಿರ ವರ್ಷದ ಹಿಂದಿನ ಸಂಗತಿ."

"ಮಗುವಿಗೆ ಎಂತ ಎರಡು ಸಾವಿರ ವರ್ಷ?" ಎಂದರು ಅವರು. ದನಿ ಏರಿಸಲಿಲ್ಲ. "ಅದಕ್ಕೆ ಒಂದು ದಿನ ಆಗಿದೆಯೋ ಇಲ್ಲವೋ. ಯಾರೋ ಅದನ್ನು ಸರಿಯಾಗಿ ಮಲಗಿಸಿ ಮಣ್ಣು ಮುಚ್ಚಿದ್ದರು. ಕೆಲಸ ಸರಿಯಾಗಿಯೇ ಮಾಡಿದ್ದರು. ನಾನು ತೆಗೆದು ಬಿಸಾಡಿದೆ."

ಕಾಫಿ ಬಂತು, ಜನ ಟೆಸ್ಲಾ, ಗ್ರೀನ್ ಕಾರ್ಡ್ ಎಂದು ಮಾತು ಬದಲಿಸಿದರು. ಮುಂದಿನ ವರ್ಷ ಅವರನ್ನು ಆಟಿಗೆ ಕರೆಯಲು ಫೋನ್ ಮಾಡಿದ ಅವರ ತಮ್ಮ ಬಹಳ ಸುತ್ತಿ ಬಳಸಿ ಮಾತಾಡಿದರಂತೆ. "ಬಾ ಅಂತ ಹೇಳಿದ ಹಾಗೂ ಉಂಟು, ಬರ್ಬೇಡ ಅಂತ ಹೇಳಿದ ಹಾಗೂ ಉಂಟು. ಪಾಪ ಅವನು," ಎಂದು ನನಗೆ ಹೇಳಿ ನಕ್ಕರು. ಹೋಗಲಿಲ್ಲ. ಅಷ್ಟರಲ್ಲಿ ಕಾಯಿಲೆಯೂ ಕಾಣಿಸಿಕೊಂಡಿತ್ತು.

ಹೊಟ್ಟೆಯ ಕ್ಯಾನ್ಸರ್. ನನ್ನ ಅಪಾರ್ಟ್‌ಮೆಂಟಿಗೆ ಹತ್ತಿರವೇ ಅವರ ಮನೆ. ಕೆಲಸ ಮುಗಿಸಿ, ಸ್ನಾನ ಮಾಡಿ, ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಸ್ನಾನ ಮಾಡಿ ಬಂದದ್ದನ್ನು ನನ್ನ ಒದ್ದೆ ಕೂದಲಿನಲ್ಲೇ ಕಂಡುಹಿಡಿದು, "ನನ್ನನ್ನು ನೋಡ್ಲಿಕ್ಕೂ ಮಡಿಯಾ?" ಎಂದು ಛೇಡಿಸುತ್ತಿದ್ದರು. ಲ್ಯಾಬನ್ನು ನನ್ನ ಕೈಗೆ ಬಿಟ್ಟಿದ್ದರು. ಕಾಂಟ್ರ್ಯಾಕ್ಟರುಗಳ ಫೋಟೋ ಈಗ ನನ್ನ ಫೋನಿಗೆ ಬರುತ್ತಿದ್ದವು. ಬಂದದ್ದನ್ನು ಅವರಿಗೆ ತೋರಿಸಿದರೆ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಒಂದು ಸಂಜೆ, ಮಾತಾಡುವ ಶಕ್ತಿ ಇನ್ನೂ ಇದ್ದಾಗ, ನಾನೇ ಹೇಳಿದೆ. "ನಾನು ಅವತ್ತು ನಿಮ್ಗೆ ತೋರಿಸ್ಬಾರ್ದಿತ್ತು ಮೇಡಂ. ಇನ್ನು ನಾಲ್ಕು ತಿಂಗಳಿಗೆ ರಿಟೈರ್ ಆಗ್ತಿದ್ರಿ. ಆರಾಮಾಗಿರ್ತಿದ್ರಿ."

"ಆರಾಮಾಗಿ ಇರ್ತಿದ್ದೆ," ಎಂದು ಒಪ್ಪಿಕೊಂಡರು. ಸುಳ್ಳಿಗೂ ಹಾಗೇನಿಲ್ಲ ಎನ್ನಲಿಲ್ಲ. "ನೀನು ತೋರಿಸದಿದ್ರೆ ನಿನಗೆ ಕಲಿಸಿದ್ದು ದಂಡ ಆಗ್ತಿತ್ತು. ಎರಡರಲ್ಲಿ ಒಂದು ಆಗ್ಲೇಬೇಕಿತ್ತು." ಗಂಜಿಯ ಬಟ್ಟಲು ಕೈಗೆ ಕೊಟ್ಟು, "ಉಪ್ಪು ಕಮ್ಮಿ ಉಂಟು," ಎಂದರು.

ಆ ಉತ್ತರ ನನ್ನನ್ನು ಬಿಡುಗಡೆ ಮಾಡಲಿಲ್ಲ. ಮಾಡಲೆಂದು ಅವರು ಹೇಳಿದ್ದೂ ಅಲ್ಲ. ಅವರು ಹೋಗಿ ಒಂದು ವರ್ಷದ ಮೇಲಾಯಿತು. ಸುಟ್ಟ ಮೇಲೆ ಉಳಿದ ಬೂದಿಯನ್ನು ಅವರ ತಮ್ಮ ಒಂದೇ ಒಂದು ದಿನವೂ ಮನೆಯಲ್ಲಿಟ್ಟುಕೊಳ್ಳದೆ, ದೋಣಿ ಮಾಡಿಸಿಕೊಂಡು ಹೋಗಿ ಸಮುದ್ರಕ್ಕೆ ಬಿಟ್ಟು ಬಂದರು. ಅದು ಸಾಯುವ ಮುಂಚೆ ಮೇಡಂ ಅವರೇ ಹೇಳಿಟ್ಟಿದ್ದ ಮಾತು.

ಈಗ ಮ್ಯೂಸಿಯಂನವರು ಎರವಲು ವಾಪಸ್ ಕೇಳಿದ್ದಾರೆ. ಹೋದ ವಾರ ನಾನು ಪೆಟ್ಟಿಗೆ ಕಟ್ಟಿದೆ. ಅಲ್ಲಿಯ ನಿಯಮ ಒಂದು ಸಂಖ್ಯೆಗೆ ಒಂದು ಪೆಟ್ಟಿಗೆ. ಮಕ್ಕಳ ಪೆಟ್ಟಿಗೆಗಳಿಗೆ ಬೇರೆ ಕೋಣೆ, ಅಲ್ಲಿ ತೇವ ಕಡಿಮೆ, ಸಣ್ಣ ಮೂಳೆ ಹಾಳಾಗುವುದಿಲ್ಲ. ಮಗುವಿಗೆ ಅದರದ್ದೇ ಒಂದು ಸಂಖ್ಯೆ ಬೇಕೆಂದು ಮೇಡಂ ಹಟ ಹಿಡಿದಿದ್ದರಲ್ಲ, ಆ ಸಂಖ್ಯೆಯೇ ಈಗ ಮಗುವನ್ನು ಬೇರೆ ಕೋಣೆಗೆ ಕಳಿಸುತ್ತದೆ. ಇದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಇಬ್ಬರನ್ನೂ ಒಟ್ಟಿಗೆ ಇಡಬಹುದೇ ಎಂದು ಆ ಮೆತ್ತಗಿನ ದನಿಯ ಉಸ್ತುವಾರಿಯನ್ನು ಕೇಳಿದೆ. ಸಂಬಂಧ ಖಾತ್ರಿಯಾದರೆ ಖಂಡಿತ ಇಡುತ್ತೇವೆ, ಪರೀಕ್ಷೆ ಮಾಡಿಸುತ್ತೀರಾ, ಈಗ ನಿಮ್ಮದೇ ತೀರ್ಮಾನ ಅಲ್ಲವೇ ಎಂದಳು. ಹೌದು, ಈಗ ನನ್ನದೇ ತೀರ್ಮಾನ. ಅರೆದರೆ ಒಟ್ಟಿಗಿರಬಹುದು, ಅದೂ ಆ ಹೆಂಗಸಿನದೇ ಮಗುವಾಗಿದ್ದರೆ. ಅರೆಯದಿದ್ದರೆ ಬೇರೆ ಬೇರೆ. ಯಾರಿಗೂ ಹೇಳದೆ ಮಗುವಿನ ಮೂಳೆಗಳಿದ್ದ ಪುಟ್ಟ ಡಬ್ಬಿಯನ್ನು ಆ ಹೆಂಗಸಿನ ಪೆಟ್ಟಿಗೆಯಲ್ಲಿ, ಸೊಂಟದ ಮೂಳೆಯ ಪಕ್ಕದಲ್ಲಿ, ಹತ್ತಿಯ ನಡುವೆ ಇಟ್ಟು ಟೇಪು ಹಚ್ಚುವುದೂ ನನ್ನ ಕೈಯಲ್ಲೇ ಇತ್ತು. ಒಮ್ಮೆ ಇಟ್ಟೂ ಇಟ್ಟೆ. ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಅದಕ್ಕೇ ಭಯವಾಯಿತು. ಮೂವತ್ತು ವರ್ಷದ ಹಿಂದೆ ಆ ಕೆಸರಿನಲ್ಲಿ ಕೂತು ಅವರಿಗೂ ಹೀಗೇ ಎಲ್ಲ ಹೊಂದಿಕೊಂಡಂತೆ ಕಂಡಿರಬೇಕು.

ಡಬ್ಬಿಯನ್ನು ಹೊರಗೆ ತೆಗೆದೆ. ಇನ್ನೊಂದು ಪೆಟ್ಟಿಗೆ ಮಡಚಿ, ತಳಕ್ಕೆ ಹತ್ತಿ ಹಾಸಿ, ಮಗುವನ್ನು ಅದರಲ್ಲಿ ಮಲಗಿಸಿ, ಮೇಲೆ ಅದರ ಸಂಖ್ಯೆ ಬರೆದೆ. ಅವರು ಇದ್ದಿದ್ದರೆ ಸರಿ ಎನ್ನುತ್ತಿದ್ದರು, ಆಮೇಲೆ ಆ ಮಧ್ಯಾಹ್ನವೆಲ್ಲ ಮಾತಾಡುತ್ತಿರಲಿಲ್ಲ. ಕೊರಿಯರ್‌ನವನು ಬಂದಾಗ ಹೆಂಗಸಿನ ಪೆಟ್ಟಿಗೆಯನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ನಾನೇ ವ್ಯಾನಿನವರೆಗೆ ಎತ್ತಿಕೊಂಡು ಹೋದೆ. ಅದರೊಳಗೆ ಏನಾ‌ದರೂ ಇದೆ ಎಂದು ಕೈಗೆ ಗೊತ್ತಾಗುತ್ತಲೇ ಇರಲಿಲ್ಲ.